ಕೋಚ್ ನಡೆಸುವ ಗುಂಪು ವರ್ಕೌಟ್: ಮೊದಲ ಕ್ಲಾಸಿಗೆ ಹೋಗುವವರಿಗೆ

"ಮೊದಲು ಮನೆಯಲ್ಲೇ ಸ್ವಲ್ಪ ಫಿಟ್ ಆಗುತ್ತೇನೆ, ಆಮೇಲೆ ಅಲ್ಲಿಗೆ ಹೋಗುತ್ತೇನೆ." ಹೈ ಇಂಟೆನ್ಸಿಟಿ ಜಿಮ್ ಎಂದರೆ ಹಿಂಜರಿಯುವವರು ಸಾಮಾನ್ಯವಾಗಿ ಹೇಳುವ ಮಾತು ಇದು. ಆ 'ಆಮೇಲೆ' ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಅದರ ಅಗತ್ಯವೇ ಇಲ್ಲ. ಕೋಚ್ ಎದುರಿಗೆ ನಿಂತು ನಡೆಸುವ ಗುಂಪು ಕ್ಲಾಸಿನಲ್ಲಿ ಹಲವು ವರ್ಷದ ಅನುಭವಿಗಳೂ ನಿನ್ನೆ ಸೇರಿದವರೂ ಅಕ್ಕಪಕ್ಕದಲ್ಲೇ ಬೆವರು ಸುರಿಸುತ್ತಾರೆ. ಇಬ್ಬರೂ ಎತ್ತುವ ತೂಕ ಬೇರೆ, ವೇಗ ಬೇರೆ, ಎಷ್ಟೋ ಸಲ ವ್ಯಾಯಾಮವೇ ಬೇರೆ. ಗಡಿಯಾರ ಮಾತ್ರ ಒಂದೇ.

ಆದರೆ ಮೊದಲ ದಿನ ಯಾಕಾಗಿ ಹೋಗುತ್ತಿದ್ದೇನೆ ಎಂಬುದು ತಲೆಯಲ್ಲಿ ಸ್ಪಷ್ಟವಾಗಿರಲಿ. ಆ ಒಂದು ಗಂಟೆಯಲ್ಲಿ ಮೂರು ನಾಲ್ಕು ಚಲನೆಗಳನ್ನು ಕಲಿಯಬೇಕು, ಕೋಚ್ ಎಂಥವರು ಎಂದು ನೋಡಿಕೊಳ್ಳಬೇಕು, 'ಇನ್ನೂ ಸ್ವಲ್ಪ ಮಾಡಬಹುದಿತ್ತು' ಅನ್ನಿಸುವಾಗಲೇ ಮುಗಿಸಿ ಹೊರಬರಬೇಕು. ಮೊದಲ ಕ್ಲಾಸಿನಲ್ಲೇ ಪೂರ್ತಿ ದಮ್ಮು ಹಾಕಿ, ಮರುದಿನ ಏಳಲಾಗದೆ, ಮತ್ತೆ ಆ ಕಡೆ ತಲೆ ಹಾಕದವರು ಬಹಳ ಜನ. ಅವರಲ್ಲಿ ಹೆಚ್ಚಿನವರಿಗೆ ಕೊರತೆಯಾದದ್ದು ಶಕ್ತಿಯಲ್ಲ, ಮೊದಲೇ ಹೇಳಿಕೊಡುವವರು.

ಹೆಸರು ಕೊಡುವ ಮುಂಚೆ

ಮೊದಲು ಆರೋಗ್ಯದ ವಿಷಯ. ಜಿಮ್‌ಗಳಲ್ಲಿ ಬಳಕೆಯಲ್ಲಿರುವ 'ಪಾರ್-ಕ್ಯೂ ಪ್ಲಸ್' ಎಂಬ ಪ್ರಶ್ನಾವಳಿಯ ಮೊದಲ ಪುಟದಲ್ಲಿ 7 ಪ್ರಶ್ನೆಗಳಿವೆ. ಹೃದಯದ ತೊಂದರೆ ಅಥವಾ ರಕ್ತದೊತ್ತಡ ಇದೆಯೇ, ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಬೇರೆ ದೀರ್ಘಕಾಲದ ಕಾಯಿಲೆ ಇದೆಯೇ, ಅದಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ಮೂಳೆ ಅಥವಾ ಕೀಲಿನ ಸಮಸ್ಯೆ ಇದೆಯೇ, ವೈದ್ಯರ ನಿಗಾದಲ್ಲೇ ವ್ಯಾಯಾಮ ಮಾಡಬೇಕು ಎಂದು ಯಾರಾದರೂ ಹೇಳಿದ್ದಾರೆಯೇ ಎಂಬಂಥ ಪ್ರಶ್ನೆಗಳು. ಜಿಮ್ ಕೇಳದಿದ್ದರೂ ನೀವೇ ಕೇಳಿಕೊಳ್ಳಿ. ಒಂದಕ್ಕಾದರೂ 'ಹೌದು' ಎಂಬ ಉತ್ತರ ಬಂದರೆ ಮೊದಲು ವೈದ್ಯರ ಬಳಿ ಮಾತಾಡಿ. ಗರ್ಭಿಣಿಯರು, ಹೊಸ ಬಾಣಂತಿಯರು ಅವರನ್ನು ಕೇಳದೆ ಹೋಗಬಾರದು. ಅಸ್ತಮಾ ಇದ್ದವರು ಇನ್‌ಹೇಲರ್ ಅನ್ನು ಬ್ಯಾಗಿನ ತಳದಲ್ಲಿಡದೆ ಕೈಗೆ ಸಿಗುವಂತೆ ಇಟ್ಟುಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ವೇಳೆಯಲ್ಲೂ ಗಂಟೆಗಳ ನಂತರವೂ ಸಕ್ಕರೆ ಪ್ರಮಾಣ ಕುಸಿಯಬಹುದು, ಹಾಗಾಗಿ ಗ್ಲೂಕೋಸ್ ಜೊತೆಗಿರಲಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಎದೆಬಡಿತ ಎಷ್ಟು ಶ್ರಮಪಟ್ಟರೂ ಮೇಲೇರದೇ ಇರಬಹುದು. ಅಂಥವರು ಸ್ಮಾರ್ಟ್‌ವಾಚ್‌ನ ಅಂಕಿ ನೋಡಿ 'ಇನ್ನೂ ಆರಾಮಾಗಿದ್ದೇನೆ' ಎಂದುಕೊಳ್ಳುವಂತಿಲ್ಲ.

ಜಿಮ್‌ಗೆ ಫೋನ್ ಮಾಡಿದಾಗ ಎರಡು ವಿಷಯ ಕೇಳಿ. ಹೊಸಬರಿಗೆ ಬೇರೆ ಪರಿಚಯದ ಕ್ಲಾಸ್ ಇದೆಯೇ? ಒಂದು ಕ್ಲಾಸಿನಲ್ಲಿ ಎಷ್ಟು ಜನ, ಎಷ್ಟು ಕೋಚ್? ಪರಿಚಯದ ಕ್ಲಾಸ್ ಇದ್ದರೆ ಖಂಡಿತ ಅದಕ್ಕೇ ಹೋಗಿ. ಎತ್ತುವುದು, ಕೂರುವುದು, ಬಗ್ಗುವುದನ್ನು ಅಲ್ಲಿ ಅವಸರವಿಲ್ಲದೆ ಹೇಳಿಕೊಡುತ್ತಾರೆ. ಇಲ್ಲದಿದ್ದರೆ ಜನ ಕಡಿಮೆ ಇರುವ ವೇಳೆ ಯಾವುದು ಎಂದು ಕೇಳಿ ಆ ಹೊತ್ತಿಗೆ ಹೋಗಿ. ಇಪ್ಪತ್ತೈದು ಜನರ ನಡುವೆ ಒಬ್ಬ ಕೋಚ್ ಎಷ್ಟೇ ಒಳ್ಳೆಯವರಾದರೂ ಹೊಸಬರ ಬೆನ್ನು ಬಾಗಿದ್ದನ್ನು ಪ್ರತಿ ಸಲ ಗಮನಿಸಲಾರರು.

ಉಡುಪಿನ ಬಗ್ಗೆ ಹೆಚ್ಚು ಯೋಚಿಸಬೇಡಿ. ಕೈಕಾಲು ಆಡಿಸಲು ಅಡ್ಡಿಯಾಗದ ಬಟ್ಟೆ, ನೀರಿನ ಬಾಟಲಿ, ಟವೆಲ್ ಸಾಕು. ಶೂ ಮಾತ್ರ ನೋಡಿ ಆರಿಸಿ: ಓಟಕ್ಕೆಂದು ಮಾಡಿದ ದಪ್ಪ, ಮೆತ್ತನೆಯ ಅಡಿಯ ಶೂ ತೂಕ ಎತ್ತುವಾಗ ಕಾಲಡಿಯಲ್ಲಿ ಅದುರುತ್ತದೆ. ಚಪ್ಪಟೆ, ಗಟ್ಟಿ ಅಡಿಯದ್ದು ಮೇಲು. ಉಂಗುರ ತೆಗೆದಿಡಿ, ಬಾರ್ ಹಿಡಿದಾಗ ಚರ್ಮ ಕಿತ್ತು ಬರುತ್ತದೆ. ಹೊಟ್ಟೆ ತುಂಬ ಉಣ್ಣುವುದಿದ್ದರೆ 2-3 ಗಂಟೆ ಮುಂಚೆಯೇ ಉಂಡಿರಿ. ಪೂರ್ತಿ ಖಾಲಿ ಹೊಟ್ಟೆಯಲ್ಲಿ ಹೋಗಿ ಕಣ್ಣು ಕತ್ತಲೆ ಬಂದು ಕೂರುವುದಕ್ಕಿಂತ ಒಂದು ಗಂಟೆ ಮುಂಚೆ ಹಗುರವಾಗಿ ಏನಾದರೂ ತಿನ್ನುವುದು ಒಳ್ಳೆಯದು.

ಬೋರ್ಡಿನ ಮೇಲಿನ ಬರಹ

ಒಳಗೆ ಕಾಲಿಟ್ಟೊಡನೆ ಹೊಸಬರಿಗೆ ಅಳುಕು ಹುಟ್ಟಿಸುವುದು ವೈಟ್‌ಬೋರ್ಡ್. ಅದರಲ್ಲಿರುವ ಪದಗಳು ಬಹುಪಾಲು ಕ್ರಾಸ್‌ಫಿಟ್‌ನಿಂದ ಬಂದವು. 2000ದಲ್ಲಿ ಅಮೆರಿಕದಲ್ಲಿ ಗ್ರೆಗ್ ಗ್ಲಾಸ್‌ಮನ್ ಮತ್ತು ಲಾರೆನ್ ಜೆನಾಯ್ ಶುರು ಮಾಡಿದ ಆ ಪದ್ಧತಿಯ ಭಾಷೆಯನ್ನು ಈಗ ಬೇರೆ ಹೆಸರಿನ ಜಿಮ್‌ಗಳೂ ಬಳಸುತ್ತವೆ. 'ವಾಡ್' ಎಂದರೆ ಆ ದಿನದ ವರ್ಕೌಟ್. 'ಆಮ್‌ರ‍್ಯಾಪ್' ಎಂದಿದ್ದರೆ ಕೊಟ್ಟ ಸಮಯದೊಳಗೆ ಎಷ್ಟು ಸುತ್ತು ಆಗುತ್ತದೋ ಅಷ್ಟು. 'ಈಮಾಮ್' ಎಂದಿದ್ದರೆ ಪ್ರತಿ ನಿಮಿಷ ಶುರುವಾದಾಗ ಹೇಳಿದಷ್ಟು ಮಾಡಿ, ಆ ನಿಮಿಷದಲ್ಲಿ ಉಳಿದ ಸೆಕೆಂಡುಗಳಲ್ಲಿ ಸುಧಾರಿಸಿಕೊಳ್ಳುವುದು. ಹೊಸಬರಿಗೆ ಇದೇ ಅನುಕೂಲ, ಯಾಕೆಂದರೆ ವಿರಾಮ ಅದರೊಳಗೇ ಇದೆ. 'ಫಾರ್ ಟೈಮ್' ಎಂದರೆ ಇಷ್ಟು ಕೆಲಸ, ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ನೋಡೋಣ ಎಂದು. '21-15-9' ಎಂದು ಬರೆದಿದ್ದರೆ ಪ್ರತಿ ವ್ಯಾಯಾಮವನ್ನೂ ಮೊದಲ ಸುತ್ತಿನಲ್ಲಿ 21, ಆಮೇಲೆ 15, ಕೊನೆಗೆ 9 ಸಲ ಮಾಡುವುದು. 'ಆರ್‌ಎಕ್ಸ್' ಎಂದರೆ ಬೋರ್ಡಿನಲ್ಲಿ ಬರೆದ ತೂಕ, ಬರೆದ ರೀತಿಯಲ್ಲೇ ಮಾಡಿದ್ದು; 'ಸ್ಕೇಲ್' ಎಂದರೆ ನಿಮ್ಮ ಅಳತೆಗೆ ತಗ್ಗಿಸಿಕೊಂಡದ್ದು. ಮೊದಲ ದಿನ ನಿಮ್ಮದು ಎರಡನೆಯದೇ.

'ತಬಾಟಾ' ಎಂಬ ಹೆಸರು ಕಂಡರೆ 20 ಸೆಕೆಂಡ್ ಕೆಲಸ, 10 ಸೆಕೆಂಡ್ ವಿರಾಮ, ಹೀಗೆ 8 ಸಲ, ಒಟ್ಟು 4 ನಿಮಿಷ. ಜಪಾನಿನ ವಿಜ್ಞಾನಿ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದ ಹೆಸರು ಅದು. ಆ ಅಧ್ಯಯನದಲ್ಲಿ ಸೈಕಲ್ ತುಳಿದವರು ಕ್ರೀಡೆಯಲ್ಲಿ ಪಳಗಿದ ಯುವಕರು, ತುಳಿದದ್ದು ತಮ್ಮ ಆಮ್ಲಜನಕ ಬಳಕೆಯ ಮಿತಿಯನ್ನೂ ಬಹಳ ಮೀರಿದ ತೀವ್ರತೆಯಲ್ಲಿ. ನೀವು ಆ ಗಡಿಯಾರವನ್ನಷ್ಟೇ ಎರವಲು ಪಡೆಯಿರಿ, ತೀವ್ರತೆಯನ್ನಲ್ಲ.

ಕೋಚ್ ಜೊತೆ ಮಾತು

ಕ್ಲಾಸಿಗೆ ಹದಿನೈದು ನಿಮಿಷ ಮುಂಚೆ ಹೋಗಿ. ಇಡೀ ದಿನದಲ್ಲಿ ಅತಿ ಮುಖ್ಯವಾದ ಕೆಲಸ ಈ ಹದಿನೈದು ನಿಮಿಷದಲ್ಲೇ ಆಗುವುದು. ಕೋಚ್ ಹತ್ತಿರ ಹೋಗಿ ನಿಜ ಹೇಳಿ, ವಿವರವಾಗಿ ಹೇಳಿ. 'ಬೆನ್ನುನೋವಿದೆ' ಎಂದರೆ ಅವರಿಗೆ ಹೆಚ್ಚೇನೂ ತಿಳಿಯುವುದಿಲ್ಲ. 'ಬಗ್ಗಿ ಏಳುವಾಗ ಸೊಂಟದ ಬಲಗಡೆ ಹಿಡಿದುಕೊಳ್ಳುತ್ತದೆ, ಕೂತು ಏಳುವಾಗ ಏನೂ ಆಗುವುದಿಲ್ಲ' ಎಂದರೆ ಆ ದಿನದ ಯಾವ ವ್ಯಾಯಾಮ ಬದಲಿಸಬೇಕು ಎಂದು ಕೂಡಲೇ ಗೊತ್ತಾಗುತ್ತದೆ. ಎಷ್ಟು ದಿನದಿಂದ ವ್ಯಾಯಾಮ ಬಿಟ್ಟಿದ್ದೀರಿ, ಹಿಂದೆ ಯಾವ ಪೆಟ್ಟಾಗಿತ್ತು, ಆಪರೇಷನ್ ಆಗಿದೆಯೇ, ನಿನ್ನೆ ರಾತ್ರಿ ನಿದ್ದೆ ಆಗಿದೆಯೇ ಎಂಬುದನ್ನೂ ಹೇಳಿ.

ಇಲ್ಲಿ ಇಬ್ಬರಿಗೆ ಪ್ರತ್ಯೇಕ ಮಾತು. ಕಾಲೇಜಿನ ದಿನಗಳಲ್ಲಿ ಚೆನ್ನಾಗಿ ಆಡಿಕೊಂಡಿದ್ದು, ವರ್ಷಗಳ ನಂತರ ಮರಳುತ್ತಿರುವವರೇ, ಎಲ್ಲರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ನಿಮಗೆ. ಹಟ ಹಿಡಿದು ಮುಂದೆ ಹೋಗುವ ಅಭ್ಯಾಸ ಮನಸ್ಸಿಗೆ ಉಳಿದಿರುತ್ತದೆ, ಆ ಹೊರೆ ತಡೆಯುವ ಅಭ್ಯಾಸ ಸ್ನಾಯುಗಳಿಗೆ ಉಳಿದಿರುವುದಿಲ್ಲ. ಇನ್ನೊಂದು, ಹೆರಿಗೆಯ ನಂತರ ಅಥವಾ ವಯಸ್ಸಾದಂತೆ ಹಾರುವಾಗ, ಸ್ಕಿಪ್ಪಿಂಗ್ ಮಾಡುವಾಗ ಹನಿ ಮೂತ್ರ ಸೋರುವ ಮಹಿಳೆಯರು ಅನೇಕರಿದ್ದಾರೆ. ಮುಜುಗರದಿಂದ ಜಿಮ್ಮನ್ನೇ ಬಿಡುತ್ತಾರೆ. ಕೋಚ್‌ಗೆ ಇದು ಹೊಸ ವಿಷಯವಲ್ಲ. 'ಇವತ್ತು ಹಾರುವುದು ಬೇಡ' ಎಂದಷ್ಟು ಹೇಳಿದರೂ ಸಾಕು, ಬದಲಿ ವ್ಯಾಯಾಮ ಕೊಡುತ್ತಾರೆ. ಮುಂದೆ ಫಿಸಿಯೋಥೆರಪಿಸ್ಟ್ ಬಳಿ ಹೋದರೆ ಆ ತೊಂದರೆಗೂ ವ್ಯಾಯಾಮವಿದೆ. ಹಾಗೆಯೇ, ಭಂಗಿ ತಿದ್ದುವಾಗ ಕೋಚ್ ಮೈ ಮುಟ್ಟುವುದು ನಿಮಗೆ ಇಷ್ಟವಿಲ್ಲದಿದ್ದರೆ 'ಬಾಯಲ್ಲೇ ಹೇಳಿ' ಎನ್ನಿ.

ವಾರ್ಮ್‌ಅಪ್, ಕಲಿಕೆ, ತೂಕ

ಕ್ಲಾಸ್ ಸಾಮಾನ್ಯವಾಗಿ ಒಂದು ಗಂಟೆ. ಮೊದಲ 10-15 ನಿಮಿಷ ವಾರ್ಮ್‌ಅಪ್. ಅಲ್ಲೇ ಸುಸ್ತಾಯಿತು ಎಂದರೆ ಗಾಬರಿ ಬೇಡ, ನಿಧಾನಿಸಿ. ಆಮೇಲೆ ತೂಕದ ಅಥವಾ ಕೌಶಲದ ಭಾಗ, ನಂತರ ಗಡಿಯಾರದ ಜೊತೆಗಿನ ಮುಖ್ಯ ವರ್ಕೌಟ್, ಕೊನೆಗೆ ಸ್ಟ್ರೆಚಿಂಗ್. ಮುಖ್ಯ ವರ್ಕೌಟ್ ಎಷ್ಟೋ ದಿನ 8ರಿಂದ 20 ನಿಮಿಷದೊಳಗೆ ಮುಗಿದುಹೋಗುತ್ತದೆ.

ಮೊದಲ ದಿನವೇ ಸರಿಯಾಗಿ ಕಲಿಯಬೇಕಾದ ಒಂದು ಚಲನೆ ಇದ್ದರೆ ಅದು ಸೊಂಟದಿಂದ ಬಗ್ಗುವುದು. ನೆಲದ ಮೇಲಿನ ತೂಕ ಹಿಡಿದು ಎದ್ದು ನಿಲ್ಲುವ ಡೆಡ್‌ಲಿಫ್ಟ್, ಹಿಡಿಯಿರುವ ಕಬ್ಬಿಣದ ಗುಂಡನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬೀಸುವ ಕೆಟಲ್‌ಬೆಲ್ ಸ್ವಿಂಗ್ ಎರಡಕ್ಕೂ ಅದೇ ಬುನಾದಿ. ಗೋಡೆಗೆ ಬೆನ್ನು ಮಾಡಿ ಒಂದು ಅಡಿ ದೂರ ನಿಲ್ಲಿ. ಮಂಡಿ ಸ್ವಲ್ಪವೇ ಸಡಿಲಿಸಿ, ಬೆನ್ನು ನೇರವಾಗಿಟ್ಟು, ಪೃಷ್ಠವನ್ನು ಹಿಂದೆ ತಳ್ಳಿ ಗೋಡೆಗೆ ತಾಗಿಸಿ. ತೊಡೆಯ ಹಿಂಭಾಗದಲ್ಲಿ ಎಳೆತ ಗೊತ್ತಾದರೆ ಸರಿಯಾಗಿದೆ ಎಂದರ್ಥ. ಸೊಂಟದ ಮೇಲೆ ಭಾರ ಬಿದ್ದರೆ ಬೆನ್ನು ಬಾಗಿದೆ ಎಂದರ್ಥ. ಮನೆಯಲ್ಲೇ ಮುಂಚಿತವಾಗಿ ಇದನ್ನು ಅಭ್ಯಾಸ ಮಾಡಿಕೊಂಡು ಹೋಗಬಹುದು. ಸ್ವಿಂಗ್ ಮಾಡುವಾಗ ಹೊಸಬರು ಕೂತು ಎದ್ದು ಕೈಯಿಂದ ತೂಕ ಮೇಲಕ್ಕೆ ಎತ್ತುತ್ತಾರೆ. ಕೆಟಲ್‌ಬೆಲ್ ಅನ್ನು ಮೇಲಕ್ಕೆ ಕಳಿಸುವುದು ಸೊಂಟದ ಜಾಡಿಸುವಿಕೆ, ಕೈಗಳು ಹಿಡಿದುಕೊಂಡಿರುತ್ತವೆ, ಅಷ್ಟೇ.

ಬಾರ್‌ಗೆ ಪ್ಲೇಟ್ ಹಾಕದಿದ್ದರೂ ತೂಕವಿದೆ ಎಂಬುದನ್ನು ಮರೆಯಬೇಡಿ. ಪುರುಷರ ಒಲಿಂಪಿಕ್ ಬಾರ್ 20 ಕಿಲೋ, ಮಹಿಳೆಯರದ್ದು 15 ಕಿಲೋ. ಅದಕ್ಕಿಂತ ಹಗುರವಾದ ತರಬೇತಿ ಬಾರ್‌ಗಳೂ ಪ್ಲಾಸ್ಟಿಕ್ ಪೈಪುಗಳೂ ಇರುತ್ತವೆ, ಕೇಳಿ ತೆಗೆದುಕೊಳ್ಳಿ. ತೂಕ ಸರಿಯಿದೆಯೇ ಎಂದು ತಿಳಿಯಲು ಒಂದು ಅಳತೆ: ಸೆಟ್ಟಿನ ಕೊನೆಯ ಸಲವೂ ಮೊದಲ ಸಲದ ಹಾಗೇ ಕಾಣಬೇಕು, ಕೆಳಗಿಟ್ಟ ಮೇಲೆ 'ಇನ್ನೂ ನಾಲ್ಕೈದು ಆಗುತ್ತಿತ್ತು' ಅನ್ನಿಸಬೇಕು. ಬೇರೆಯವರು ತೂಕ ಎತ್ತುತ್ತಿರುವಾಗ ಅವರ ಮುಂದೆಯಾಗಲಿ ಹಿಂದೆಯಾಗಲಿ ಹಾದುಹೋಗಬೇಡಿ. ಬಾರ್ ಕೆಳಗೆ ಬಿದ್ದು ಪುಟಿಯುತ್ತದೆ.

ರೋಯಿಂಗ್ ಮಷೀನ್ ಮೇಲೆ ಕೂತಾಗ ಪಕ್ಕದ ಡ್ಯಾಂಪರ್ ಸನ್ನೆಯನ್ನು 10ಕ್ಕೆ ತಿರುಗಿಸುವ ಚಪಲ ಎಲ್ಲರಿಗೂ ಬರುತ್ತದೆ. ಅದು ಒಳಗಿನ ಚಕ್ರಕ್ಕೆ ಎಷ್ಟು ಗಾಳಿ ಬಿಡಬೇಕು ಎಂಬುದನ್ನು ನಿರ್ಧರಿಸುತ್ತದೆ. 3ರಿಂದ 5ರ ನಡುವೆ ಇಡಿ. ಎಳೆಯುವಾಗ ಮೊದಲು ಕಾಲು ತಳ್ಳಬೇಕು, ಆಮೇಲೆ ಮೈ ಹಿಂದಕ್ಕೆ, ಕೊನೆಗೆ ಕೈ. ಮರಳುವಾಗ ಇದರ ತಿರುವುಮುರುವು.

ಉಳಿದ ವ್ಯಾಯಾಮಗಳಿಗೆಲ್ಲ ಬದಲಿ ಇದೆ. ಪುಲ್‌ಅಪ್ ಆಗದಿದ್ದರೆ ರಿಂಗ್ ಹಿಡಿದು ಓರೆಯಾಗಿ ನಿಂತು ಎದೆಯನ್ನು ಮೇಲೆಳೆದುಕೊಳ್ಳುವುದು. ಪುಷ್‌ಅಪ್ ಅನ್ನು ನೆಲದ ಬದಲು ಎತ್ತರದ ಬಾಕ್ಸಿನ ಮೇಲೆ ಕೈಯಿಟ್ಟು ಮಾಡಬಹುದು. ಬಾಕ್ಸಿನ ಮೇಲೆ ಹಾರುವ ಬದಲು ಹತ್ತಿ ಇಳಿಯಿರಿ. ಆ ಮರದ ಬಾಕ್ಸುಗಳು ಸಾಮಾನ್ಯವಾಗಿ 20, 24, 30 ಇಂಚಿನವು. ಸುಸ್ತಾದ ಕಾಲು ಅಂಚಿಗೆ ತಗುಲಿ ಮೊಣಕಾಲಿನ ಕೆಳಗಿನ ಚರ್ಮ ಸೀಳುವುದು ಇಂಥ ಜಿಮ್‌ಗಳಲ್ಲಿ ಸಾಮಾನ್ಯ ಗಾಯ. ಕೂತು, ಕೈ ನೆಲಕ್ಕೂರಿ, ಕಾಲು ಹಿಂದಕ್ಕೆ ಚಾಚಿ, ಮತ್ತೆ ಮುಂದೆ ತಂದು ಏಳುವ ಬರ್ಪಿಯನ್ನು ಕಂಡರೆ ಅನುಭವಿಗಳೂ ಮುಖ ಹುಳಿ ಮಾಡುತ್ತಾರೆ. ಆದರೆ 1930ರ ದಶಕದಲ್ಲಿ ಅಮೆರಿಕದ ರಾಯಲ್ ಬರ್ಪಿ ಅದನ್ನು ರೂಪಿಸಿದ್ದು ದೇಹದ ಕ್ಷಮತೆ ಅಳೆಯಲೆಂದು: ನಾಲ್ಕೇ ನಾಲ್ಕು ಸಲ ಮಾಡಿಸಿ ಎದೆಬಡಿತ ನೋಡುವುದು. ಅದರಲ್ಲಿ ಪುಷ್‌ಅಪ್ಪೂ ಇರಲಿಲ್ಲ, ಮೇಲೆ ಹಾರುವುದೂ ಇರಲಿಲ್ಲ. ಹಾಗಾಗಿ ಒಂದೊಂದೇ ಕಾಲು ಹಿಂದಿಟ್ಟು, ಒಂದೊಂದೇ ಮುಂದೆ ತಂದು ಎದ್ದು ನಿಂತರೂ ನೀವು ಮಾಡಿದ್ದು ಬರ್ಪಿಯೇ.

ಗಡಿಯಾರ ಶುರುವಾದ ಮೇಲೆ

'ಮೂರು, ಎರಡು, ಒಂದು, ಗೋ' ಎನ್ನುತ್ತಲೇ ಸಂಗೀತ ಜೋರಾಗುತ್ತದೆ, ಸುತ್ತಲಿನವರೆಲ್ಲ ಹೊರಟುಬಿಡುತ್ತಾರೆ. ಹೊಸಬರು ಎಡವುವುದು ಈ ಮೊದಲ ನಿಮಿಷದಲ್ಲಿ. ಕಾರಣ ದೇಹದೊಳಗೇ ಇದೆ. ಶುರುವಿನ ಕೆಲವು ಸೆಕೆಂಡು ಸ್ನಾಯುಗಳಲ್ಲಿ ಮೊದಲೇ ಕೂಡಿಟ್ಟ ಫಾಸ್ಫೋಕ್ರಿಯಾಟಿನ್‌ನಿಂದ ಕೆಲಸ ನಡೆಯುತ್ತದೆ, ಆಮೇಲೆ ಆಮ್ಲಜನಕದ ಸಹಾಯವಿಲ್ಲದೆ ಸಕ್ಕರೆಯನ್ನು ಬೇಗ ಬೇಗ ಒಡೆದು ಶಕ್ತಿ ಪಡೆಯುತ್ತದೆ. ಶ್ವಾಸಕೋಶ, ಹೃದಯ ಸೇರಿ ಬೇಕಾದಷ್ಟು ಆಮ್ಲಜನಕ ಒದಗಿಸುವ ಹಂತಕ್ಕೆ ಬರಲು ಒಂದೆರಡು ನಿಮಿಷಗಳೇ ಬೇಕು. ಅಷ್ಟರಲ್ಲಿ 'ಇದು ಸುಲಭವಿದೆ' ಎಂದು ಓಡಿದವರಿಗೆ ಮೂರನೇ ನಿಮಿಷದಲ್ಲಿ ಏದುಸಿರು ಹತ್ತಿ, ತೊಡೆ ಉರಿದು, ಕೈಕಾಲು ಸೀಸದಂತಾಗುತ್ತವೆ. ಮೊದಲ ನಿಮಿಷ ಕೊಡುವ ಸುಳಿವನ್ನು ನಂಬಲೇಬೇಡಿ.

ಒಂದು ಉದಾಹರಣೆ. 12 ನಿಮಿಷದ ಆಮ್‌ರ‍್ಯಾಪ್: 5 ಬರ್ಪಿ, 10 ಸ್ವಿಂಗ್, 15 ಸ್ಕ್ವಾಟ್ (ಕೂತು ಏಳುವುದು). ಮೊದಲ ಸುತ್ತನ್ನು ಬೇಕೆಂದೇ ನಿಧಾನವಾಗಿ 2 ನಿಮಿಷದಲ್ಲಿ ಮುಗಿಸಿ, ಅದೇ ಲಯ ಉಳಿಸಿಕೊಂಡರೆ 6 ಸುತ್ತು ಆಗುತ್ತದೆ. ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಹೊಡೆದು ಹಾಕಿದವರ ಮುಂದಿನ ಸುತ್ತುಗಳು ಮೂರು ನಿಮಿಷಕ್ಕೆ ಎಳೆದು, ಕೊನೆಗೆ ಬಂದ ಲೆಕ್ಕ ಅದಕ್ಕಿಂತ ಕಡಿಮೆಯಾಗುತ್ತದೆ, ಭಂಗಿಯೂ ಕೆಟ್ಟಿರುತ್ತದೆ. 10 ಸ್ವಿಂಗ್ ಒಂದೇ ಉಸಿರಿಗೆ ಆಗುವಂತಿದ್ದರೂ 5 ಮತ್ತು 5 ಎಂದು ಒಡೆಯಿರಿ. ಸೋತ ಮೇಲೆ ತೆಗೆದುಕೊಳ್ಳುವ ವಿರಾಮ ಉದ್ದವಾಗುತ್ತದೆ, ಸೋಲುವ ಮುಂಚೆ ತೆಗೆದುಕೊಂಡದ್ದು ಮೂರು ಉಸಿರಿನಲ್ಲಿ ಮುಗಿಯುತ್ತದೆ.

ಶ್ರಮವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋಡಿಕೊಳ್ಳಿ. ಸೊನ್ನೆ ಎಂದರೆ ಸುಮ್ಮನೆ ಕೂತದ್ದು, ಹತ್ತು ಎಂದರೆ ಇನ್ನು ಒಂದು ಹೆಜ್ಜೆಯೂ ಆಗದು ಎಂಬ ಸ್ಥಿತಿ. ಮೊದಲ ಕ್ಲಾಸಿಗೆ 6-7 ಸಾಕು. ಅದನ್ನು ಗುರುತಿಸುವ ಸುಲಭ ದಾರಿ ಮಾತು: ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾಗಿ ಬಂದರೆ ಅಲ್ಲೇ ಇರಿ, ಒಂದು ಪದವೂ ಹೊರಡದಿದ್ದರೆ ವೇಗ ತಗ್ಗಿಸಿ. ಬಲ ಹಾಕುವಾಗ ಉಸಿರು ಬಿಡಿ. ಅರಿವಿಲ್ಲದೆ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ.

ಎಲ್ಲರೂ ಮುಗಿಸಿ, ನೀವೊಬ್ಬರೇ ಉಳಿದಾಗ ಚಪ್ಪಾಳೆ ತಟ್ಟಿ ಹುರಿದುಂಬಿಸುವ ರೂಢಿ ಇಂಥ ಕಡೆ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಗದ್ದಲದಲ್ಲಿ 'ಇನ್ನೊಂದು, ಇನ್ನೊಂದು' ಎಂದಾಗ ಮಾಡಲೇಬೇಕೆಂಬ ಒತ್ತಡ ಹುಟ್ಟುತ್ತದೆ. 'ಇವತ್ತಿಗೆ ಇಷ್ಟು ಸಾಕು' ಎನ್ನುವ ಹಕ್ಕು ಕೊನೆಯ ಸೆಕೆಂಡಿನವರೆಗೂ ನಿಮ್ಮದೇ.

ಕೆಲವು ಲಕ್ಷಣಗಳಿಗೆ ಚರ್ಚೆಯೇ ಬೇಡ. ಎದೆಯಲ್ಲಿ ನೋವು ಅಥವಾ ಒತ್ತಿದಂತಾಗುವುದು, ಅದು ತೋಳಿಗೆ ದವಡೆಗೆ ಹರಡುವುದು, ಕಣ್ಣು ಕತ್ತಲೆ, ಎದೆಬಡಿತ ತಾಳ ತಪ್ಪುವುದು, ಕೀಲಿನಲ್ಲಿ ಚುಚ್ಚಿದಂಥ ನೋವು: ತಕ್ಷಣ ನಿಲ್ಲಿಸಿ ಕೋಚ್‌ಗೆ ಹೇಳಿ. ಎದೆನೋವಿಗೆ ಕಾಯುವುದು ಬೇಡ, ತುರ್ತು ಚಿಕಿತ್ಸೆಗೇ ಹೋಗಬೇಕು. ಇಂಥದ್ದೇನೂ ಇಲ್ಲದೆ ವರ್ಕೌಟ್ ಮುಗಿಸಿದಿರಾದರೆ ಅಲ್ಲೇ ಸ್ತಬ್ಧವಾಗಿ ನಿಲ್ಲಬೇಡಿ. ಕಾಲಿನ ಸ್ನಾಯುಗಳು ಆಡುತ್ತಿರುವಾಗ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಆಟ ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ. ಎರಡು ಮೂರು ನಿಮಿಷ ಅತ್ತಿತ್ತ ನಡೆದಾಡಿ.

ಮುಂದಿನ ಮೂರು ದಿನ

ಮರುದಿನ ಮೈಕೈ ನೋಯುತ್ತದೆ, ಬಹುಶಃ ಅದರ ಮರುದಿನ ಇನ್ನೂ ಹೆಚ್ಚು. ಈ ನೋವು 24ರಿಂದ 72 ಗಂಟೆಯೊಳಗೆ ತುತ್ತತುದಿಗೇರಿ ಆಮೇಲೆ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕೂತದ್ದರಿಂದ ಎಂದು ಈಗಲೂ ಹೇಳುವವರಿದ್ದಾರೆ. ಆದರೆ ವ್ಯಾಯಾಮದಲ್ಲಿ ಏರಿದ ಲ್ಯಾಕ್ಟೇಟ್ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವಿಗೆ ಕಾರಣ ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಹಾನಿ, ಅದರಲ್ಲೂ ತೂಕವನ್ನು ತಡೆಯುತ್ತಾ ನಿಧಾನವಾಗಿ ಕೆಳಗಿಳಿಸುವಾಗ ಆಗುವಂಥದ್ದು. ನಡೆದಾಡಿ, ಚೆನ್ನಾಗಿ ನಿದ್ದೆ ಮಾಡಿ, ಬಾಯಾರಿದಷ್ಟು ನೀರು ಕುಡಿಯಿರಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ನೀರು ಬತ್ತಿದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊರೆ.

ಈ ಮಾಮೂಲಿ ನೋವಿನಿಂದ ಬೇರ್ಪಡಿಸಿ ನೋಡಬೇಕಾದ ಒಂದು ಸ್ಥಿತಿಯಿದೆ, ರಾಬ್ಡೊಮಯೊಲಿಸಿಸ್. ಅತಿಯಾದ ಶ್ರಮದಿಂದ ಸ್ನಾಯುಕೋಶಗಳು ಒಡೆದು, ಅವುಗಳೊಳಗಿನ ಮಯೊಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಅಪರೂಪ, ಆದರೆ ಒಂದೇ ವ್ಯಾಯಾಮವನ್ನು ನೂರಾರು ಸಲ ಮಾಡಿದ ಹೊಸಬರಲ್ಲಿ, ಬಹಳ ಕಾಲ ಬಿಟ್ಟು ಮರಳಿದವರಲ್ಲಿ ಕಾಣಿಸಿಕೊಂಡಿದೆ. ಮೂತ್ರ ಕೋಲಾದ ಹಾಗೆ ಕಂದುಗಟ್ಟಿದರೆ, ತೋಳು ಅಥವಾ ತೊಡೆ ಊದಿಕೊಂಡು ಬಿಗಿದರೆ, ತಲೆ ಬಾಚಲೂ ಕೈ ಎತ್ತಲಾಗದಷ್ಟು ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. 'ಹೊಸದಾಗಿ ಜೋರು ವ್ಯಾಯಾಮ ಮಾಡಿದ್ದೇನೆ' ಎಂದು ಹೇಳಿ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಬೇಗ ಹೋದರೆ ಚಿಕಿತ್ಸೆ ಸುಲಭ.

ಸೇರಬೇಕೋ ಬೇಡವೋ

ಅಂದೇ ಹಣ ಕಟ್ಟಬೇಡಿ. ಎರಡು ದಿನ ಬಿಟ್ಟು ಕೋಚನ್ನು ನೆನಪಿಸಿಕೊಳ್ಳಿ. ನಿಮ್ಮ ಹಳೆಯ ನೋವಿನ ಬಗ್ಗೆ ಕೇಳಿದರೇ? ಪ್ರತಿ ಚಲನೆಯನ್ನೂ ಮಾಡಿ ತೋರಿಸಿದರೇ? ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿದರೇ, ಅಥವಾ ಐದಾರು ಒಟ್ಟಿಗೆ ಹೇಳಿ ಗೊಂದಲ ಮಾಡಿದರೇ? ನೀವು ಕೇಳುವ ಮೊದಲೇ ತೂಕ ಇಳಿಸಿದರೇ? ನನ್ನ ದೃಷ್ಟಿಯಲ್ಲಿ ಕೊನೆಯ ಪ್ರಶ್ನೆಯೇ ದೊಡ್ಡದು. ಭಂಗಿ ಕೆಟ್ಟಾಗ 'ಪುಶ್, ಪುಶ್' ಎಂದು ಕೂಗುವವರು, ಯಾರೋ ವಾಂತಿ ಮಾಡಿಕೊಂಡದ್ದನ್ನು ಹೆಮ್ಮೆಯಿಂದ ಹೇಳುವವರು, ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಬರ್ಪಿ ಮಾಡಿಸುವವರು ಇರುವಲ್ಲಿ ಉಪಕರಣ ಎಷ್ಟೇ ಹೊಸದಾಗಿದ್ದರೂ ಸೇರಬೇಡಿ. ಹೃದಯ ನಿಂತಾಗ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್‌ನ ತರಬೇತಿ ಕೋಚ್‌ಗೆ ಆಗಿದೆಯೇ ಎಂದೂ ನೇರವಾಗಿ ಕೇಳಿ.

ಎರಡನೇ ಕ್ಲಾಸಿಗೆ ಮೊದಲಿನದಾದ ಎರಡು ಮೂರು ದಿನಕ್ಕೆ ಹೋಗಿ, ಮೊದಲ ತಿಂಗಳು ವಾರಕ್ಕೆ ಎರಡು ಸಲಕ್ಕೇ ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150-300 ನಿಮಿಷ ಮಧ್ಯಮ ಶ್ರಮ ಅಥವಾ 75-150 ನಿಮಿಷ ತೀವ್ರ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎನ್ನುತ್ತದೆ. ಎರಡು ಕ್ಲಾಸು, ಉಳಿದ ದಿನ ಚುರುಕು ನಡಿಗೆ ಎಂದರೆ ಅದರಲ್ಲಿ ಬಹುಪಾಲು ಆಗಿಹೋಗುತ್ತದೆ. ಮೊದಲ ಕ್ಲಾಸಿನಿಂದ ಬಂದ ಕೂಡಲೇ ಯಾವ ಬಾರ್ ಹಿಡಿದಿರಿ, ಎಷ್ಟು ತೂಕ, ಯಾವುದಕ್ಕೆ ಯಾವ ಬದಲಿ, ಎಷ್ಟು ಸುತ್ತು, ಮರುದಿನ ಎಲ್ಲಿ ನೋವು ಎಂದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎರಡನೇ ಸಲ ಬೇರೆ ಕೋಚ್ ಸಿಗಬಹುದು. ಅವರಿಗೆ ಅದನ್ನು ತೋರಿಸಿ, ಅದೇ ತೂಕದಿಂದ ಶುರು ಮಾಡಿ.